ಕೆಮ್ಮಿದರೆ, ನಕ್ಕರೆ ಮೂತ್ರ ಸೋರುತ್ತದೆಯೇ? ವಿಡಿಯೊ ಕರೆಯಲ್ಲಿ ಕಲಿಸುವ ವ್ಯಾಯಾಮದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಫಿಜಿಯೋಥೆರಪಿಸ್ಟ್. ಹೆಣ್ಣುಮಕ್ಕಳ ಮೂತ್ರ ಸೋರಿಕೆಗೆ ವ್ಯಾಯಾಮ ಕಲಿಸುವುದು ನನ್ನ ಕೆಲಸ, ಅದರಲ್ಲಿ ಹೆಚ್ಚಿನ ಪಾಲು ಈಗ ವಿಡಿಯೊ ಕರೆಯಲ್ಲೇ ನಡೆಯುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಕೇಳುವ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಓದಲು ಬಾರದ ಅವ್ವ, ಅತ್ತೆ, ಕಾಕಿ ಮನೆಯಲ್ಲಿದ್ದರೆ ಓದಿ ಹೇಳಿ.

ಕೆಮ್ಮಿದರ, ಸೀನಿದರ ಉಚ್ಚಿ ಹೋಗ್ತದ. ಮಕ್ಕಳ ಹಡದವರಿಗೆಲ್ಲ ಹಿಂಗೇ ಆಗ್ತದಂತಲ್ರಿ, ಇದಕ್ಕೂ ಔಷಧ ಐತೇನು?

ಬಹಳ ಜನರಿಗೆ ಆಗುತ್ತದೆ ಎಂಬುದು ನಿಜ. ಆದರೆ ಬಹಳ ಜನರಿಗೆ ಆಗುತ್ತದೆ ಎಂದ ಮಾತ್ರಕ್ಕೆ ಅನುಭವಿಸಿಕೊಂಡು ಇರಬೇಕೆಂದಿಲ್ಲ. ಈ ಬಗೆಯ ಸೋರಿಕೆಗೆ ಮೊದಲು ಕೊಡುವ ಚಿಕಿತ್ಸೆ ಗುಳಿಗೆಯೂ ಅಲ್ಲ, ಆಪರೇಷನ್ನೂ ಅಲ್ಲ, ವ್ಯಾಯಾಮ. ಮೂತ್ರಚೀಲ, ಗರ್ಭಚೀಲ, ಮಲದ್ವಾರದ ಭಾಗ ಇವೆಲ್ಲವನ್ನೂ ಕೆಳಗಿನಿಂದ ಎತ್ತಿ ಹಿಡಿದಿರುವ ಸ್ನಾಯುಗಳ ಒಂದು ಪದರವಿದೆ. ಮುಂದೆ ಜನನಾಂಗದ ಮೇಲಿನ ಎಲುಬಿನಿಂದ ಹಿಂದೆ ಬೆನ್ನಿನ ತುದಿಯ ಎಲುಬಿನವರೆಗೆ ಅದು ಜೋಳಿಗೆಯ ಹಾಗೆ ಹರಡಿಕೊಂಡಿರುತ್ತದೆ. ವೈದ್ಯರು ಪೆಲ್ವಿಕ್ ಫ್ಲೋರ್ ಎನ್ನುವುದು ಇದಕ್ಕೇ. ನಾನು ಇಲ್ಲಿ ತಳದ ಸ್ನಾಯು ಎಂದು ಕರೆಯುತ್ತೇನೆ.

ಕೆಮ್ಮಿದಾಗ, ಕೊಡ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಕೆಳಕ್ಕೆ ಬೀಳುತ್ತದೆ. ತಳದ ಸ್ನಾಯು ಗಟ್ಟಿಯಾಗಿದ್ದರೆ ಆ ಕ್ಷಣಕ್ಕೆ ಬಿಗಿದು ಮೂತ್ರನಾಳವನ್ನು ಮುಚ್ಚಿ ಹಿಡಿಯುತ್ತದೆ. ಹೆರಿಗೆಯಲ್ಲಿ ಹಿಗ್ಗಿ, ವರ್ಷಗಟ್ಟಲೆ ಮುಕ್ಕರಿಸಿ, ಭಾರ ಎತ್ತಿ ಅದು ಸೋತಿದ್ದರೆ ನಾಲ್ಕು ಹನಿ ಹೋಗಿಬಿಡುತ್ತದೆ. ಸೋತದ್ದು ಸ್ನಾಯು, ಆದ್ದರಿಂದ ಕೆಲಸ ಕೊಟ್ಟರೆ ಬಲ ಬರುತ್ತದೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಇದನ್ನು ಬರೆದು ತೋರಿಸಿದ್ದರು. ಕೆಗೆಲ್ ವ್ಯಾಯಾಮ ಎಂದು ನೀವು ಕೇಳಿರುವುದು ಅವರ ಹೆಸರನ್ನೇ.

ನನಗ ಕೆಮ್ಮಿದರ ಏನೂ ಆಗಲ್ಲ. ಆದರ ಒಮ್ಮೆ ಬಂತಂದರ ಬಚ್ಚಲಿಗೆ ಮುಟ್ಟೋತನಕ ತಡಕೊಳ್ಳಾಕ ಆಗಂಗಿಲ್ಲ. ಇದೂ ಅದೇ ಏನ್ರಿ?

ಅಲ್ಲ, ಇದು ಬೇರೆ ಬಗೆ. ಮೊದಲಿನದು ಒತ್ತಡದ ಸೋರಿಕೆ, ನಿಮ್ಮದು ಅವಸರದ ಸೋರಿಕೆ. ಇಲ್ಲಿ ಮೂತ್ರಚೀಲ ತುಂಬುವ ಮೊದಲೇ ಹಿಂಡಿಕೊಳ್ಳಲು ಶುರು ಮಾಡುತ್ತದೆ. ನಲ್ಲಿ ನೀರಿನ ಸದ್ದು ಕೇಳಿದರೆ, ತಣ್ಣೀರಲ್ಲಿ ಕೈ ಇಟ್ಟರೆ, ಊರಿನಿಂದ ಬಂದು ಬಾಗಿಲ ಕೀಲಿ ತೆಗೆಯುವಷ್ಟರಲ್ಲಿ ತಡೆಯಲಾಗದೆ ಹೋಗುವುದು ಇದೇ ಬಗೆ. ಎರಡೂ ಕೂಡಿ ಇರುವವರೂ ಬೇಕಾದಷ್ಟು ಜನ. ಯಾವುದು ಎಂದು ತಿಳಿಯದೆ ವ್ಯಾಯಾಮ ಶುರು ಮಾಡುವುದು ಬೇಡ, ಏಕೆಂದರೆ ಕಲಿಸುವ ಕ್ರಮ ಬದಲಾಗುತ್ತದೆ. ಅವಸರದ ಸೋರಿಕೆಗೆ ತಳದ ಸ್ನಾಯುವಿನ ಜೊತೆ ಮೂತ್ರಚೀಲಕ್ಕೂ ತರಬೇತಿ ಬೇಕು. ಅದನ್ನು ಮುಂದೆ ಹೇಳಿದ್ದೇನೆ.

ವಿಡಿಯೊದಾಗ ಅಂದರ ಏನ್ ಮಾಡ್ತೀರಿ? ಯೂಟ್ಯೂಬ್‌ನಾಗ ನೋಡಿ ಮಾಡಿದರ ಸಾಲದೇನು?

ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಗೊತ್ತು ಮಾಡಿದ ಹೊತ್ತಿಗೆ ಕರೆ. ನೀವು ಮನೆಯಲ್ಲಿ, ನಾನು ಇಲ್ಲಿ. ಹಿಂದಿನ ವಾರ ಎಷ್ಟು ಮಾಡಿದಿರಿ, ಎಷ್ಟು ಸಲ ಸೋರಿತು ಎಂದು ಕೇಳುತ್ತೇನೆ, ಆಮೇಲೆ ನೀವು ಮಾಡುವುದನ್ನು ನೋಡಿ ತಿದ್ದಿ ಮುಂದಿನ ಮೆಟ್ಟಿಲು ಹೇಳುತ್ತೇನೆ.

ಯೂಟ್ಯೂಬ್‌ನಲ್ಲಿ ಒಳ್ಳೆಯ ವಿಡಿಯೊಗಳಿಲ್ಲ ಎಂದಲ್ಲ. ಆದರೆ ಆ ವಿಡಿಯೊ ನಿಮ್ಮನ್ನು ನೋಡುವುದಿಲ್ಲ. ಈ ವ್ಯಾಯಾಮದ ತೊಂದರೆಯೇ ಅದು: ಸ್ನಾಯು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ತಪ್ಪು ಮಾಡುತ್ತಿದ್ದರೂ ಸರಿ ಮಾಡುತ್ತಿದ್ದೇನೆ ಎಂದೇ ಅನಿಸುತ್ತದೆ. ಚಿಂಚೋಳಿ ಕಡೆಯ ಒಬ್ಬ ತಾಯಿ ಮೊಬೈಲನ್ನು ಜೋಳದ ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ಚಾಪೆ ಮೇಲೆ ಮೊಣಕಾಲು ಮಡಚಿ ಮಲಗಿ ತೋರಿಸಿದರು. "ಒಳಗ ಎಳೀರಿ" ಎಂದ ಕೂಡಲೇ ಅವರ ಉಸಿರು ನಿಂತಿತು, ಹೊಟ್ಟೆ ಸೀರೆಯ ಕೆಳಗೆ ಉಬ್ಬಿ ಮೇಲೆ ಬಂತು, ಕುತ್ತಿಗೆಯ ನರ ಬಿಗಿಯಿತು. ಅವರು ಎಳೆಯುತ್ತಿರಲಿಲ್ಲ, ಮುಕ್ಕರಿಸುತ್ತಿದ್ದರು. ಮಗಳು ಹುಡುಕಿ ಕೊಟ್ಟ ವಿಡಿಯೊ ನೋಡಿ ತಿಂಗಳುಗಟ್ಟಲೆ ಹಾಗೇ ಮಾಡಿದ್ದರಂತೆ. ಮುಕ್ಕರಿಸಿದರೆ ಒತ್ತಡ ಕೆಳಕ್ಕೆ ಬಿದ್ದು ಸ್ನಾಯು ಇನ್ನಷ್ಟು ಸೋಲುತ್ತದೆ. ಇದನ್ನು ಹಿಡಿಯಲು ಆ ಕಡೆ ನೋಡುವ ಮನುಷ್ಯರೇ ಬೇಕು.

ಮೊಬೈಲ್ ಮುಂದ ಬಟ್ಟಿ ಬಿಚ್ಚಬೇಕೇನ್ರಿ?

ಬೇಡವೇ ಬೇಡ. ಯಾವ ಕಾರಣಕ್ಕೂ ಬೇಡ. ಸೀರೆ, ನೈಟಿ, ಸಲ್ವಾರ್ ಏನು ಉಟ್ಟಿದ್ದೀರೋ ಅದರಲ್ಲೇ ಆಗುತ್ತದೆ. ನನಗೆ ಕಾಣಬೇಕಾದ್ದು ನಿಮ್ಮ ಉಸಿರು, ಹೊಟ್ಟೆ, ತೊಡೆ ಮತ್ತು ಮುಖ. ಯಾರಾದರೂ ವಿಡಿಯೊ ಕರೆಯಲ್ಲಿ ಬಟ್ಟೆ ಸರಿಸಲು ಹೇಳಿದರೆ, ನಿಮ್ಮನ್ನು ಕೇಳದೆ ರೆಕಾರ್ಡ್ ಮಾಡುತ್ತಿದ್ದಾರೆ ಅನಿಸಿದರೆ ಆ ಕ್ಷಣವೇ ಕರೆ ಕಡಿದುಬಿಡಿ. ಅವರು ಎಷ್ಟೇ ದೊಡ್ಡ ಹೆಸರಿನವರಾಗಿರಲಿ.

ಹಂಗಾದರ ಒಮ್ಮೆನೂ ದವಾಖಾನಿಗೆ ಬರೋದ ಬ್ಯಾಡೇನು?

ಒಮ್ಮೆ ಬಂದರೆ ಒಳ್ಳೆಯದು, ಬರಲೇಬೇಕೆಂದು ನಾನು ಒತ್ತಾಯ ಮಾಡುವುದೂ ಆ ಒಂದು ಸಲಕ್ಕೆ ಮಾತ್ರ. ತಳದ ಸ್ನಾಯು ನಿಜವಾಗಿ ಬಿಗಿಯುತ್ತಿದೆಯೇ, ಎಷ್ಟು ಬಲವಿದೆ, ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ಮುಟ್ಟಿ ನೋಡಿದರೇ ಸರಿಯಾಗಿ ತಿಳಿಯುವುದು. ಇದನ್ನು ತರಬೇತಿ ಪಡೆದ ಮಹಿಳಾ ಫಿಜಿಯೋಥೆರಪಿಸ್ಟ್ ಅಥವಾ ಸ್ತ್ರೀರೋಗ ವೈದ್ಯೆ ನಿಮ್ಮ ಒಪ್ಪಿಗೆ ಪಡೆದು, ಬಾಗಿಲು ಹಾಕಿ ಮಾಡುತ್ತಾರೆ. ಬೇಡ ಎನ್ನುವ ಹಕ್ಕು ನಿಮಗಿದೆ. ಆಗ ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡಿ ನೋಡುವ ದಾರಿಯೂ ಇದೆ. ಅದೇ ಭೇಟಿಯಲ್ಲಿ ಮೂತ್ರ ಪರೀಕ್ಷೆ ಆಗಿಬಿಡಲಿ. ಸೋಂಕು ಇದ್ದರೆ ಮೊದಲು ಅದಕ್ಕೆ ಔಷಧ, ಆಮೇಲೆ ವ್ಯಾಯಾಮ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಈ ಮೂರೂ ಸರ್ಕಾರಿ ಆಸ್ಪತ್ರೆಗಳು. ಅಲ್ಲಿನ ಸ್ತ್ರೀರೋಗ ವಿಭಾಗದಲ್ಲಿ ತೋರಿಸಬಹುದು.

ಆಮೇಲಿನ ಮೂರು ತಿಂಗಳು ಮನೆಯಿಂದಲೇ. ಔರಾದ್ ಕಡೆಯ ತಾಂಡಾದಿಂದಲೋ ಹುಣಸಗಿ ಕಡೆಯ ಹಳ್ಳಿಯಿಂದಲೋ ಕಲಬುರಗಿಗೆ ಬರಬೇಕೆಂದರೆ ಒಂದು ದಿನದ ಕೂಲಿ ಹೋಯಿತು. ಅದಕ್ಕಿಂತ ಹೆಚ್ಚಿನದು, ಮೂತ್ರ ಸೋರುವವರಿಗೆ ಆ ಬಸ್ ಪ್ರಯಾಣವೇ ಎಲ್ಲಕ್ಕಿಂತ ದೊಡ್ಡ ಹೆದರಿಕೆ. ನಡುವೆ ಬಸ್ ನಿಲ್ಲುವುದಿಲ್ಲ, ನಿಂತಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರುವುದಿಲ್ಲ, ಹಾದಿ ತುಂಬ ಗುಂಡಿ. ಚಿಕಿತ್ಸೆಗೆ ಬರಲು ಕಾಯಿಲೆಯೇ ಬಿಡುವುದಿಲ್ಲ ಎನ್ನುವ ಪರಿಸ್ಥಿತಿ. ವಿಡಿಯೊ ಕರೆಯ ಮೇಲೆ ನನಗೆ ಇಷ್ಟು ನಂಬಿಕೆ ಇರುವುದು ಈ ಕಾರಣಕ್ಕೆ.

ಖರೇ ಹೇಳ್ರಿ, ಇದರಿಂದ ಗುಣ ಆಗ್ತದೇನು?

ಚಿಕಿತ್ಸೆಗಳ ಬಗೆಗಿನ ಅಧ್ಯಯನಗಳನ್ನು ಕೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2018ರಲ್ಲಿ 14 ದೇಶಗಳ 31 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. 1817 ಮಹಿಳೆಯರ ಲೆಕ್ಕ. ಒತ್ತಡದ ಸೋರಿಕೆ ಇದ್ದವರಲ್ಲಿ ತಳದ ಸ್ನಾಯುವಿನ ವ್ಯಾಯಾಮ ಮಾಡಿದವರ ಪೈಕಿ ಶೇಕಡಾ 56 ಮಂದಿ ಪೂರ್ತಿ ಗುಣವಾಯಿತು ಎಂದರು. ಮಾಡದವರಲ್ಲಿ ಹಾಗೆ ಹೇಳಿದವರು ಶೇಕಡಾ 6. ಇದರಲ್ಲಿ ಹೆಚ್ಚಿನವು ಎದುರಿಗೆ ಕಲಿಸಿದ ವ್ಯಾಯಾಮ ಎಂಬುದನ್ನು ನೆನಪಿಡಿ. ದೂರದಿಂದ ಕಲಿಸುವುದರ ಬಗ್ಗೆಯೂ ಆಧಾರವಿದೆ. ಸ್ವೀಡನ್ನಿನ ಉಮಿಯೋ ವಿಶ್ವವಿದ್ಯಾಲಯದವರು ಮೊಬೈಲ್ ಆ್ಯಪ್ ಮೂಲಕ ಮೂರು ತಿಂಗಳು ವ್ಯಾಯಾಮ ಮಾಡಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. 123 ಮಹಿಳೆಯರಲ್ಲಿ ಆ್ಯಪ್ ಬಳಸಿದವರ ಸೋರಿಕೆ ಸ್ಪಷ್ಟವಾಗಿ ಕಡಿಮೆಯಾಗಿತ್ತು.

ಎಲ್ಲರಿಗೂ ಆಗುತ್ತದೆ ಎಂದು ಹೇಳಿ ನಿಮ್ಮನ್ನು ನಂಬಿಸುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಮಧ್ಯಮದಿಂದ ಹೆಚ್ಚು ಸೋರಿಕೆ ಇದ್ದ 460 ಮಹಿಳೆಯರಲ್ಲಿ ಕೆಲವರಿಗೆ ಮೊದಲು ಫಿಜಿಯೋಥೆರಪಿ, ಕೆಲವರಿಗೆ ಮೊದಲು ಆಪರೇಷನ್ ಮಾಡಿ ನೋಡಿದರು. 2013ರಲ್ಲಿ ಬಂದ ಆ ವರದಿಯ ಪ್ರಕಾರ ವ್ಯಾಯಾಮದಿಂದ ಶುರು ಮಾಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ವರ್ಷದೊಳಗೆ ಆಪರೇಷನ್‌ಗೆ ಹೋದರು. ಸೋರಿಕೆ ಜಾಸ್ತಿ ಇದ್ದವರಿಗೆ ವ್ಯಾಯಾಮ ಒಂದೇ ಸಾಲದೆ ಇರಬಹುದು. ಆದರೂ ಇನ್ನರ್ಧ ಜನಕ್ಕೆ ಆಪರೇಷನ್ನಿನ ಗೊಡವೆ ಬೇಕಾಗಲಿಲ್ಲ. ಅದಕ್ಕೇ ಮೊದಲು ಇದು.

ಎಷ್ಟ ದಿನ ಮಾಡಬೇಕು? ದಿನಕ್ಕ ಎಷ್ಟ ಸಲ?

ಕನಿಷ್ಠ ಮೂರು ತಿಂಗಳು. ದಿನಕ್ಕೆ ಮೂರು ಸಲ, ಪ್ರತಿ ಸಲ ಕನಿಷ್ಠ ಎಂಟು ಬಿಗಿತ. ವೈದ್ಯರಿಗೆ ಚಿಕಿತ್ಸೆಯ ಕ್ರಮ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುವುದೂ ಇಷ್ಟೇ. ಮೊದಲ ತಿಂಗಳು ಏನೂ ಬದಲಾಗಿಲ್ಲ ಎಂದು ಬೇಸರ ಬರುತ್ತದೆ, ಬಹಳ ಜನ ಬಿಡುವುದೂ ಆಗಲೇ. ಸ್ನಾಯುವಿಗೆ ಬಲ ಬರಲು ವಾರಗಳು ಬೇಕು. ಆ ಬೇಸರದ ವಾರಗಳಲ್ಲಿ ಜೊತೆಗಿರುವುದೇ ನನ್ನ ಕರೆಗಳ ಮುಖ್ಯ ಕೆಲಸ.

ಮಾಡುವುದು ಹೀಗೆ. ಒಂದಕ್ಕೆ ಹೋಗಿ ಬಂದು, ಬೆನ್ನ ಮೇಲೆ ಮಲಗಿ ಮೊಣಕಾಲು ಮಡಚಿ. ನಾಲ್ಕು ಮಂದಿಯ ನಡುವೆ ಕೂತಾಗ ಗಾಳಿ ಹೊರಗೆ ಹೋಗದಂತೆ ತಡೆಯುತ್ತೀರಲ್ಲ, ಹಾಗೆ ಹಿಂದಿನ ದಾರಿಯನ್ನು ಬಿಗಿಮಾಡಿ. ಆ ಬಿಗಿತವನ್ನು ಹಾಗೇ ಮುಂದಕ್ಕೆ, ಮೂತ್ರದ ದಾರಿಯವರೆಗೆ ತಂದು ಒಳಕ್ಕೂ ಮೇಲಕ್ಕೂ ಎತ್ತಿ. ಮೂರು ಎಣಿಸುವವರೆಗೆ ಹಿಡಿದು ಪೂರ್ತಿ ಸಡಿಲ ಬಿಡಿ. ಸಡಿಲ ಬಿಡುವುದೂ ವ್ಯಾಯಾಮವೇ. ಹಿಡಿದಷ್ಟೇ ಹೊತ್ತು ವಿಶ್ರಾಂತಿ ಕೊಟ್ಟು ಮತ್ತೆ ಹಿಡಿಯಿರಿ. ಉಸಿರು ನಡೆಯುತ್ತಲೇ ಇರಬೇಕು. ಜೋರಾಗಿ ಎಣಿಸಿದರೆ ಉಸಿರು ತಾನಾಗಿಯೇ ನಿಲ್ಲುವುದಿಲ್ಲ, ಆದ್ದರಿಂದ ನಾನು ಎಲ್ಲರಿಂದಲೂ ಬಾಯಿಬಿಟ್ಟು ಎಣಿಸಿಸುತ್ತೇನೆ. ವಾರ ಕಳೆದಂತೆ ಮೂರರಿಂದ ಐದಕ್ಕೆ, ಆಮೇಲೆ ಹತ್ತಕ್ಕೆ. ಇದು ಮುಗಿದ ಮೇಲೆ ಚಕಚಕನೆ ಬಿಗಿದು ಬಿಡುವ ಎಂಟು ಹತ್ತು ಬಿಗಿತ. ಉದ್ದದ ಬಿಗಿತ ದಿನವಿಡೀ ಎತ್ತಿ ಹಿಡಿಯುವ ಬಲಕ್ಕೆ, ಚಿಕ್ಕದು ಕೆಮ್ಮು ಸೀನಿಗೆ.

ಮಲಗಿ ಮಾಡುವುದು ರೂಢಿಯಾದ ಮೇಲೆ ಕೂತು, ಆಮೇಲೆ ನಿಂತು. ಕೊನೆಗೆ ಕೆಲಸದ ನಡುವೆ: ರೊಟ್ಟಿ ಬಡಿಯಲು ಕೂತು ಏಳುವಾಗ, ಕೊಡ ಎತ್ತುವಾಗ, ತೊಗರಿ ಚೀಲ ಸರಿಸುವಾಗ. ಕೊನೆಯ ಹಂತಕ್ಕೆ ಬಾರದೆ ಮಂಚದ ಮೇಲಷ್ಟೇ ಮಾಡಿದವರಿಗೆ ಹೊಲದಲ್ಲಿ ಉಪಯೋಗವಾಗುವುದು ಕಡಿಮೆ.

ಸರಿಯಾಗಿ ಮಾಡಾಕತ್ತೀನೋ ಇಲ್ಲೋ ಹ್ಯಾಂಗ ತಿಳೀತದ?

ಒಬ್ಬರೇ ಇದ್ದಾಗ ಕನ್ನಡಿ ಇಟ್ಟು ನೋಡಿಕೊಳ್ಳಬಹುದು. ಬಿಗಿ ಮಾಡಿದಾಗ ಮಲದ್ವಾರ ಒಳಕ್ಕೆ ಸೆಳೆದುಕೊಳ್ಳಬೇಕು. ಹೊರಕ್ಕೆ ಉಬ್ಬಿದರೆ ತಪ್ಪು. ಅಂಡು ಗಟ್ಟಿಯಾಗಿ ಮೇಲೆದ್ದರೆ, ತೊಡೆ ಕೂಡಿಕೊಂಡರೆ, ಹಲ್ಲು ಕಚ್ಚಿದರೆ ಬೇರೆ ಸ್ನಾಯುಗಳು ಕೆಲಸ ಮಾಡುತ್ತಿವೆ ಎಂದರ್ಥ. ಮೂತ್ರ ಮಾಡುತ್ತಾ ನಡುವೆ ನಿಲ್ಲಿಸಿ ನೋಡಿ ಎಂದು ಕೆಲವರು ಕಲಿಸುತ್ತಾರೆ. ಅದನ್ನು ರೂಢಿ ಮಾಡಿಕೊಳ್ಳಬೇಡಿ. ಮೂತ್ರಚೀಲ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಒಂದು ಎಚ್ಚರಿಕೆ. ಕೆಲವರಿಗೆ ತಳದ ಸ್ನಾಯು ಸೋತಿರುವುದಿಲ್ಲ, ಸದಾ ಬಿಗಿದುಕೊಂಡೇ ಇರುತ್ತದೆ. ಗಂಡ ಹೆಂಡತಿ ಕೂಡುವಾಗ ನೋವು, ಕೆಳಹೊಟ್ಟೆ ನೋವು, ಮೂತ್ರ ಶುರುವಾಗಲು ತಡ ಇವೆಲ್ಲ ಇದ್ದರೆ ಬಿಗಿ ಮಾಡುವ ವ್ಯಾಯಾಮ ನೋವನ್ನು ಹೆಚ್ಚಿಸುತ್ತದೆ. ಅವರಿಗೆ ಮೊದಲು ಸಡಿಲಗೊಳಿಸುವುದನ್ನು ಕಲಿಸಬೇಕು. ನೋವಿನ ಮಾತನ್ನು ಮುಚ್ಚಿಡಬೇಡಿ.

ಮೂರು ತಿಂಗಳಂದರ ಭಾಳ ಆತು. ನಾಳೆನೇ ಉಪಯೋಗ ಆಗೋದ ಏನಾದರೂ ಐತೇನು?

ಇದೆ. ಕೆಮ್ಮು ಬರುವ ಮುಂಚಿನ ಕ್ಷಣ ತಳದ ಸ್ನಾಯುವನ್ನು ಬಿಗಿ ಮಾಡಿ ಹಿಡಿದು ಆಮೇಲೆ ಕೆಮ್ಮುವುದು. ಸೀನಿಗೂ, ಭಾರಕ್ಕೂ ಅದೇ. ಅಮೆರಿಕದ ಮಿಷಿಗನ್‌ನಲ್ಲಿ ವಯಸ್ಸಾದ ಮಹಿಳೆಯರಿಗೆ ಒಂದೇ ವಾರ ಇದನ್ನು ಕಲಿಸಿ ನೋಡಿದ ಅಧ್ಯಯನ 1998ರಲ್ಲಿ ಬಂತು. ಕೆಮ್ಮಿದಾಗ ಹೋಗುವ ಮೂತ್ರ ಬಹಳಷ್ಟು ಕಡಿಮೆಯಾಗಿತ್ತು. ಸ್ನಾಯುವಿಗೆ ಬಲ ಬರುವ ಮೊದಲೇ ಹೊತ್ತಿಗೆ ಸರಿಯಾಗಿ ಬಳಸುವುದನ್ನು ಕಲಿತದ್ದರ ಫಲ ಅದು. ಮೊದಲ ಕರೆಯಲ್ಲೇ ಇದನ್ನು ಹೇಳಿಕೊಡುತ್ತೇನೆ.

ಅವಸರ ಬರೋರಿಗೆ?

ಬಂತು ಎನಿಸಿದ ಕೂಡಲೇ ಓಡಬೇಡಿ. ಓಡಿದರೆ ಹೊಟ್ಟೆ ಕುಲುಕಿ ಅವಸರ ಇನ್ನೂ ಜಾಸ್ತಿ. ನಿಂತಲ್ಲೇ ನಿಲ್ಲಿ, ಸಾಧ್ಯವಿದ್ದರೆ ಕೂತುಬಿಡಿ. ಐದಾರು ಸಲ ಚಕಚಕನೆ ಬಿಗಿ ಮಾಡಿ. ಮೂತ್ರಚೀಲದ ಹಿಂಡುವಿಕೆ ಅದರಿಂದ ತಗ್ಗುತ್ತದೆ. ಅವಸರದ ಅಲೆ ಇಳಿದ ಮೇಲೆ ನಿಧಾನ ನಡೆದು ಹೋಗಿ. ಇದರ ಜೊತೆಗೆ ಹೊತ್ತು ಕಟ್ಟುವುದು, ಮೂತ್ರಚೀಲಕ್ಕೆ ತರಬೇತಿ ಎಂದದ್ದು ಇದನ್ನೇ. ಈಗ ಗಂಟೆಗೊಮ್ಮೆ ಹೋಗುತ್ತಿದ್ದರೆ ಒಂದೂ ಕಾಲು ಗಂಟೆಗೆ, ಅದು ಒಗ್ಗಿದ ಮೇಲೆ ಒಂದೂವರೆಗೆ. ಕಡಿಮೆಯೆಂದರೂ ಆರು ವಾರ ಹಿಡಿಯುತ್ತದೆ. ಮುನ್ನೆಚ್ಚರಿಕೆಗೆಂದು ಬರದಿದ್ದರೂ ಹೋಗಿ ಬರುವ ರೂಢಿ ಬಿಡಬೇಕು, ಮೂತ್ರಚೀಲ ಸ್ವಲ್ಪಕ್ಕೇ ಅವಸರ ಮಾಡಲು ಕಲಿಯುವುದು ಹೀಗೆಯೇ.

ನೀರ ಕುಡಿಯೋದ ಕಡಿಮಿ ಮಾಡೀನ್ರಿ. ಅದರಿಂದ ಸ್ವಲ್ಪ ಆರಾಮ ಅನಸ್ತದ.

ಇದೊಂದು ಮಾತಿಗೆ ನನ್ನ ಹೊಟ್ಟೆ ಉರಿಯುತ್ತದೆ. ನಮ್ಮ ಕಡೆ ಏಪ್ರಿಲ್ ಮೇ ಬಂತೆಂದರೆ ಬಿಸಿಲು ನಲವತ್ತೆರಡು ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಹೊಲಕ್ಕೆ, ಖಾತ್ರಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಸಂಜೆಯವರೆಗೆ ಗಂಟಲು ಒದ್ದೆ ಮಾಡಿಕೊಳ್ಳುವಷ್ಟೇ ನೀರು ಕುಡಿದು ಇದ್ದುಬಿಡುತ್ತಾರೆ. ಕೆಲಸದ ಜಾಗದಲ್ಲಿ ಮರೆಯಿಲ್ಲ, ಸೋರಿದರೆ ಬದಲಿಸಲು ಬಟ್ಟೆಯಿಲ್ಲ ಎಂದು. ನೀರು ಕಡಿಮೆಯಾದರೆ ಮೂತ್ರ ಗಾಢವಾಗುತ್ತದೆ, ಗಾಢ ಮೂತ್ರ ಮೂತ್ರಚೀಲವನ್ನು ಕೆರಳಿಸಿ ಅವಸರ ಹೆಚ್ಚಿಸುತ್ತದೆ. ಜೊತೆಗೆ ಉರಿ, ಸೋಂಕು, ಕಲ್ಲು, ಮಲಬದ್ಧತೆ. ಮಲಕ್ಕೆ ಮುಕ್ಕರಿಸಿದರೆ ತಳದ ಸ್ನಾಯು ಮತ್ತೆ ಸೋಲುತ್ತದೆ. ಆರಾಮ ಎನಿಸುವುದು ಒಂದೆರಡು ದಿನ ಮಾತ್ರ.

ನೀರು ಬಿಡಬೇಡಿ, ಹೊತ್ತು ಬದಲಿಸಿ. ಒಂದೇ ಸಲ ಚೊಂಬುಗಟ್ಟಲೆ ಬೇಡ, ಸ್ವಲ್ಪ ಸ್ವಲ್ಪ ದಿನವಿಡೀ ಕುಡಿಯಿರಿ. ರಾತ್ರಿ ಎದ್ದೇಳುವ ತೊಂದರೆ ಇದ್ದರೆ ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಿ. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ. ಕಡಿಮೆ ಮಾಡಬೇಕಾದ್ದು ಚಹಾ. ದಿನಕ್ಕೆ ಆರು ಏಳು ಸಲ ಕುಡಿಯುವವರು ಎರಡಕ್ಕೆ ಇಳಿಸಿದರೆ ಅವಸರದಲ್ಲಿ ವ್ಯತ್ಯಾಸ ಕಾಣುವುದುಂಟು. ಜೋಳದ ರೊಟ್ಟಿ, ಪುಂಡಿ ಪಲ್ಯ, ಹಸಿ ತರಕಾರಿ ಹೊಟ್ಟೆ ಸಲೀಸಾಗಿಡುತ್ತವೆ, ಅದನ್ನು ಬಿಡಬೇಡಿ.

ಗರ್ಭಚೀಲ ತೆಗಿಸಿದರ ಇದು ನಿಂದರ್ತದಂತ ಒಬ್ಬರು ಹೇಳಿದರು.

ನಿಲ್ಲುವುದಿಲ್ಲ. ಮೂತ್ರ ಸೋರಿಕೆಗೆ ಗರ್ಭಚೀಲ ತೆಗೆಯುವುದು ಚಿಕಿತ್ಸೆಯೇ ಅಲ್ಲ. ತೆಗೆಸಿದ ಎಷ್ಟೋ ವರ್ಷಗಳ ಮೇಲೆ ಸೋರಿಕೆ ಶುರುವಾದವರೂ ಇದ್ದಾರೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಕಲಬುರಗಿಯ ತಾಂಡಾ, ಹಳ್ಳಿಗಳಲ್ಲಿ ಸಣ್ಣ ವಯಸ್ಸಿನ ಹೆಣ್ಣುಮಕ್ಕಳ ಗರ್ಭಚೀಲವನ್ನು ಬಿಳಿಮುಟ್ಟು, ಹೊಟ್ಟೆನೋವಿನಂಥ ಕಾರಣಗಳಿಗೆ ತೆಗೆದ ಪ್ರಕರಣ 2015ರಲ್ಲಿ ಹೊರಬಂದು, ಆ ಹೆಣ್ಣುಮಕ್ಕಳೇ ನ್ಯಾಯ ಕೇಳಿ ಬೀದಿಗಿಳಿದಿದ್ದರು. ಗಡ್ಡೆ, ಕ್ಯಾನ್ಸರ್, ನಿಲ್ಲದ ರಕ್ತಸ್ರಾವದಂಥ ಕಾರಣಕ್ಕೆ ವೈದ್ಯರು ಹೇಳಿದರೆ ಅದು ಬೇರೆ ಮಾತು, ಆಗಲೂ ಇನ್ನೊಬ್ಬ ವೈದ್ಯರನ್ನು ಕೇಳಿ. ಸೋರಿಕೆಗೆಂದು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ.

ಮೂತ್ರ ಸೋರಿಕೆಗೇ ಬೇರೆ ಆಪರೇಷನ್ ಇದೆ. ಮೂತ್ರನಾಳದ ಕೆಳಗೆ ಪಟ್ಟಿ ಕೊಟ್ಟು ಎತ್ತುವುದು ಅದರಲ್ಲಿ ಒಂದು. ಒತ್ತಡದ ಸೋರಿಕೆಗೆ ಮಾತ್ರ, ವ್ಯಾಯಾಮ ಮಾಡಿ ನೋಡಿದ ಮೇಲೆ ಅದರ ಮಾತು.

ಬಾಣಂತಿ ಯಾವಾಗ ಶುರು ಮಾಡಬೇಕು?

ಸಹಜ ಹೆರಿಗೆಯಾದರೆ, ನೋವು ತಡೆಯುವಷ್ಟಿದ್ದರೆ ಮೊದಲ ದಿನಗಳಲ್ಲೇ ಮೆತ್ತಗೆ ಶುರು ಮಾಡಬಹುದು. ಮೂತ್ರದ ನಳಿಗೆ ಹಾಕಿದ್ದರೆ ತೆಗೆದ ಮೇಲೆ. ಸಿಸೇರಿಯನ್ ಆದವರೂ ಮಾಡಬೇಕು, ಒಂಬತ್ತು ತಿಂಗಳ ಭಾರ ಅವರ ತಳದ ಸ್ನಾಯುವೂ ಹೊತ್ತಿದೆ. ಬಸುರಿಯಲ್ಲೇ ಕಲಿತರೆ ಇನ್ನೂ ಒಳ್ಳೆಯದು, ವೈದ್ಯರನ್ನು ಒಂದು ಮಾತು ಕೇಳಿ ಶುರು ಮಾಡಿ.

ಹಿರಿಯರಿಗೆ ಒಂದು ಬಿನ್ನಹ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಬಿಡಿ. ಹಾಲಿಗೂ ನೀರು ಬೇಕು, ಮಲ ಸಲೀಸಾಗಲೂ ನೀರು ಬೇಕು. ಹೊಟ್ಟೆಗೆ ಸೀರೆ ಬಿಗಿಯುವುದಾದರೆ ಉಸಿರಾಡಲು, ಬಗ್ಗಲು ಆಗುವಷ್ಟು ಸಡಿಲವಿರಲಿ.

ನನಗ ಅರವತ್ತೈದು. ಇನ್ನ ಏನ ವ್ಯಾಯಾಮ ಮಾಡೋದವ್ವ?

ಮಾಡಬಹುದು ಅಮ್ಮ. ಕೆನಡಾದಲ್ಲಿ 60 ದಾಟಿದ 362 ಮಹಿಳೆಯರನ್ನು ತೆಗೆದುಕೊಂಡು ಕೆಲವರಿಗೆ ಒಬ್ಬೊಬ್ಬರನ್ನೇ ಕೂರಿಸಿ, ಕೆಲವರಿಗೆ ಗುಂಪಿನಲ್ಲಿ ವ್ಯಾಯಾಮ ಕಲಿಸಿದರು. 2020ರಲ್ಲಿ ಬಂದ ಫಲಿತಾಂಶ ನೋಡಿದರೆ ವರ್ಷದ ಮೇಲೂ ಎರಡೂ ಕಡೆ ಸೋರಿಕೆ ಶೇಕಡಾ 70ರ ಆಸುಪಾಸು ಕಡಿಮೆಯಾಗಿತ್ತು. ವಯಸ್ಸು ಅಡ್ಡಬರಲಿಲ್ಲ. ಗುಂಪಿನಲ್ಲೂ ಅಷ್ಟೇ ಫಲ ಬಂತೆಂಬುದು ನನಗೆ ಬಹಳ ಮುಖ್ಯ ಅನಿಸುತ್ತದೆ: ಓಣಿಯ ನಾಲ್ಕು ಮಂದಿ ಗೆಳತಿಯರು ಒಂದು ಮನೆಯಲ್ಲಿ ಕೂಡಿ ಒಂದೇ ಮೊಬೈಲಿನಲ್ಲಿ ಕಲಿಯಬಹುದು.

ಮುಟ್ಟು ನಿಂತ ಮೇಲೆ ಆ ಭಾಗದ ಚರ್ಮ ಒಣಗಿ ತೆಳುವಾಗುತ್ತದೆ. ಅದಕ್ಕೆ ಹಚ್ಚುವ ಔಷಧ ಇದೆ, ಸ್ತ್ರೀರೋಗ ವೈದ್ಯರನ್ನು ಕೇಳಿ. ಶುಗರ್ ಇದ್ದರೆ ಹತೋಟಿಗೆ ತನ್ನಿ, ಸಕ್ಕರೆ ಹೆಚ್ಚಾದರೆ ಮೂತ್ರವೂ ಹೆಚ್ಚು. ಬಿಪಿಯ ಕೆಲವು ಗುಳಿಗೆಗಳಿಂದ ಒಣಕೆಮ್ಮು ಬರುತ್ತದೆ, ಕೆಲವುದರಿಂದ ಮೂತ್ರ ಹೆಚ್ಚುತ್ತದೆ. ಗುಳಿಗೆಯ ಹಾಳೆಯನ್ನು ಕರೆಯಲ್ಲಿ ತೋರಿಸಿ, ಯಾವುದನ್ನು ವೈದ್ಯರ ಹತ್ತಿರ ಕೇಳಬೇಕೆಂದು ಹೇಳುತ್ತೇನೆ. ನೀವಾಗಿಯೇ ನಿಲ್ಲಿಸಬೇಡಿ.

ನಮಾಜಿಗೆ, ಪೂಜೆಗೆ ಕೂಡಾಕ ಮನಸ್ಸ ಹಿಂಜರೀತದ.

ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜು ಮಾಡಿ ಬಂದು ರುಕೂಗೆ ಬಗ್ಗುವಷ್ಟರಲ್ಲಿ ಹನಿ ಹೋಯಿತೆಂದು ಅಳುವವರನ್ನೂ, ಮಡಿ ಕೆಡುತ್ತದೆಂದು ದೇವರ ಮನೆಗೆ ಕಾಲಿಡದವರನ್ನೂ, ಶರಣಬಸವೇಶ್ವರ ಅಪ್ಪನ ಜಾತ್ರೆಗೆ ಹೋಗುವುದನ್ನೇ ಬಿಟ್ಟವರನ್ನೂ ನೋಡಿದ್ದೇನೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಬಗ್ಗುವ ಮುನ್ನ, ಏಳುವ ಮುನ್ನ ಬಿಗಿ ಮಾಡುವುದನ್ನು ಈ ಕ್ರಿಯೆಗಳಿಗೇ ಹೊಂದಿಸಿ ಕಲಿಸುತ್ತೇನೆ. ಕಾಯಿಲೆ ಇದ್ದವರಿಗೆ ರಿಯಾಯಿತಿ ಏನಿದೆ ಎಂಬುದನ್ನು ನಿಮ್ಮ ಧರ್ಮ ಬಲ್ಲವರನ್ನು ಕೇಳಿ, ಸಂಕೋಚ ಬೇಡ.

ಗಂಡಸರಿಗೂ ಐತೇನು?

ಇದೆ. ಪ್ರಾಸ್ಟೇಟ್ ಆಪರೇಷನ್ ಆದವರಿಗೆ ಸೋರಿಕೆ ಸಾಮಾನ್ಯ, ಅವರಿಗೂ ಇದೇ ವ್ಯಾಯಾಮ ಹೇಳುತ್ತಾರೆ. ಆಪರೇಷನ್ ಮಾಡಿದ ವೈದ್ಯರು ಒಪ್ಪಿದ ಮೇಲೆ ಶುರು ಮಾಡಬೇಕು.

ಯಾವ ಲಕ್ಷಣ ಕಂಡರ ವಿಡಿಯೊ ಬಿಟ್ಟು ಸೀದಾ ದವಾಖಾನಿಗೆ ಓಡಬೇಕು?

ಮೂತ್ರದಲ್ಲಿ ರಕ್ತ. ಜ್ವರ ಚಳಿಯ ಜೊತೆ ಉರಿ ಅಥವಾ ಪಕ್ಕೆ ನೋವು. ಮೂತ್ರ ಬರದೇ ಹೊಟ್ಟೆ ಉಬ್ಬಿದ್ದು. ತೊಡೆಸಂದಿ, ಕೂಡುವ ಜಾಗ ಮರಗಟ್ಟಿ ಕಾಲಿಗೆ ಬಲ ಕಡಿಮೆಯಾಗಿದ್ದು: ಇದು ಬೆನ್ನುಹುರಿಯ ನರದ ತೊಂದರೆ ಇರಬಹುದು, ಒಂದು ದಿನವೂ ತಡಮಾಡಬೇಡಿ. ಗರ್ಭಿಣಿಗೆ ನೀರಿನಂತೆ ಒಂದೇ ಸಮ ಸೋರುತ್ತಿದ್ದರೆ ಅದು ಮೂತ್ರವಲ್ಲದೆ ಗರ್ಭದ ನೀರೂ ಇರಬಹುದು, ಕೂಡಲೇ ತೋರಿಸಿ. ಕಷ್ಟದ ಹೆರಿಗೆ ಅಥವಾ ಆಪರೇಷನ್ ಆದ ಮೇಲೆ ಹಗಲು ರಾತ್ರಿ ನಿಲ್ಲದೆ ಸೋರುತ್ತಿದ್ದರೆ ಒಳಗೆ ರಂಧ್ರವಾಗಿರಬಹುದು, ಅದಕ್ಕೆ ವ್ಯಾಯಾಮ ನಾಟುವುದಿಲ್ಲ. ಕೆಳಗೆ ಗಡ್ಡೆಯಂತೆ ಏನೋ ಇಳಿದು ಬಂದ ಹಾಗಿದ್ದರೆ ಅಷ್ಟು ಅವಸರವಿಲ್ಲ, ಆದರೆ ವ್ಯಾಯಾಮಕ್ಕೆ ಮೊದಲು ವೈದ್ಯರು ನೋಡಬೇಕು.

ಕಲಿಸೋರು ಸರಿಯಾದವರಂತ ಹ್ಯಾಂಗ ನಂಬೋದು? ಸರ್ಕಾರದ್ದೇನಾದರೂ ಐತೇನು?

ಫಿಜಿಯೋಥೆರಪಿಯಲ್ಲಿ ಪದವಿ ಇದೆಯೇ, ಹೆಣ್ಣುಮಕ್ಕಳ ತಳದ ಸ್ನಾಯುವಿನ ಕೆಲಸದಲ್ಲಿ ತರಬೇತಿ ಆಗಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರು ಬೇಡ. ಶುಲ್ಕ, ಕರೆಗಳ ಸಂಖ್ಯೆ ಮೊದಲೇ ಮಾತಾಗಲಿ. ಮೂರು ತಿಂಗಳ ಹಣ ಒಂದೇ ಸಲ ಕಟ್ಟಿಸಿಕೊಳ್ಳುವವರ ಹತ್ತಿರ ಹುಷಾರು.

ವೈದ್ಯರ ಸಲಹೆಗೆ ಕೇಂದ್ರ ಸರ್ಕಾರದ ಇ-ಸಂಜೀವಿನಿ ಇದೆ, ಹಣವಿಲ್ಲ. ಊರಿನ ಆರೋಗ್ಯ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯನ್ನು ಕೇಳಿದರೆ ಅಲ್ಲಿಂದಲೇ ವೈದ್ಯರ ಜೊತೆ ವಿಡಿಯೊದಲ್ಲಿ ಮಾತಾಡಿಸುತ್ತಾರೆ. ಅದು ವ್ಯಾಯಾಮ ಕಲಿಸುವ ವ್ಯವಸ್ಥೆಯಲ್ಲ, ಆದರೆ ಯಾರಿಗೆ ತೋರಿಸಬೇಕೆಂಬ ಮೊದಲ ಹೆಜ್ಜೆಗೆ ಸಾಕು. ಯಾರಿಗೆ ಹೇಳಲಿ ಎಂದು ತೋಚದಿದ್ದರೆ ಆಶಾ ಅಕ್ಕನಿಗೆ ಹೇಳಿ.

ಆರಾಮಾದ ಮ್ಯಾಲ ಬಿಟ್ಟರ ಮತ್ತ ಬರ್ತದೇನು?

ಪೂರ್ತಿ ಬಿಟ್ಟರೆ ಬರಬಹುದು. ಮೂರು ತಿಂಗಳ ಮೇಲೆ ಕಡಿಮೆ ಮಾಡಬಹುದು, ಆದರೆ ದಿನಕ್ಕೆ ಒಂದು ಸಲವಾದರೂ ಇರಲಿ. ತೂಕ ಹೆಚ್ಚಿದ್ದವರು ಸ್ವಲ್ಪ ಇಳಿಸಿದರೂ ತಳದ ಮೇಲಿನ ಒತ್ತಡ ತಗ್ಗುತ್ತದೆ.

ಮೊದಲನೇ ಕರೆಗೆ ಏನ ತಯಾರಿ ಇಟ್ಟಕೊಳ್ಳಬೇಕು?

ಮೂರು ದಿನದ ಲೆಕ್ಕ. ಎಷ್ಟು ಲೋಟ ನೀರು, ಎಷ್ಟು ಚಹಾ, ಎಷ್ಟು ಸಲ ಒಂದಕ್ಕೆ ಹೋದಿರಿ, ಎಷ್ಟು ಸಲ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಬರೆಯಲು ಬಾರದವರು ಗೋಡೆಯ ಕ್ಯಾಲೆಂಡರಿನ ಮೇಲೆ ಗೆರೆ ಎಳೆಯಲಿ: ಹೋದದ್ದಕ್ಕೆ ನಿಂತ ಗೆರೆ, ಸೋರಿದ್ದಕ್ಕೆ ಅಡ್ಡ ಗೆರೆ. ಅದರ ಫೋಟೊ ಸಾಕು. ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ ಕಳಿಸಿದರೂ ಆಗುತ್ತದೆ.

ಬಾಗಿಲು ಹಾಕಿಕೊಳ್ಳಲು ಬರುವ ಕೋಣೆ, ಒಂದು ಚಾಪೆ, ತಲೆದಿಂಬು. ಮೊಬೈಲು ಗಂಡನದೋ ಮಗನದೋ ಆಗಿದ್ದರೆ ಅವರು ಕೆಲಸದಿಂದ ಬಂದ ಮೇಲಿನ ಹೊತ್ತು ಹೇಳಿ, ಸಂಜೆಯ ಕರೆ ಇಟ್ಟುಕೊಳ್ಳೋಣ. ಇಯರ್‌ಫೋನ್ ಇದ್ದರೆ ನನ್ನ ಮಾತು ಪಕ್ಕದ ಕೋಣೆಗೆ ಕೇಳುವುದಿಲ್ಲ. ಮೊಬೈಲು ನಿಮ್ಮ ಪಕ್ಕಕ್ಕೆ, ನೆಲಕ್ಕೆ ಹತ್ತಿರ, ಮುಖದಿಂದ ಮೊಣಕಾಲಿನವರೆಗೆ ಕಾಣುವಷ್ಟು ದೂರದಲ್ಲಿರಲಿ. ಬೆಳಕು ನಿಮ್ಮ ಬೆನ್ನ ಹಿಂದಿನ ಕಿಟಕಿಯಿಂದ ಬರದಿರಲಿ, ಬಂದರೆ ನೀವು ಕಪ್ಪಾಗಿ ಕಾಣುತ್ತೀರಿ. ಸಿಗ್ನಲ್ ಸಿಗದ ಊರಾದರೆ ವ್ಯಾಯಾಮ ಮಾಡುವುದನ್ನು ಒಂದು ನಿಮಿಷ ಮಗಳಿಂದ ಚಿತ್ರೀಕರಿಸಿ, ಸಿಗ್ನಲ್ ಇರುವ ಕಡೆ ಹೋದಾಗ ಕಳಿಸಿ. ನೋಡಿ, ತಿದ್ದಬೇಕಾದ್ದನ್ನು ಫೋನಿನಲ್ಲೇ ಹೇಳುತ್ತೇನೆ.

ಕರೆಗೆ ಮುಂಚೆ ಒಂದಕ್ಕೆ ಹೋಗಿ ಬನ್ನಿ.